‘ನಮ್ಮ ಅಂಗಳ ನೋಡಿ ಹ್ಯಾಕರ್‌ಗೆ ಏನು ಸಿಗುತ್ತದೆ?’

ಪ್ರಶ್ನೆ: ಮನೆಗೆ ಎರಡು ವೈಫೈ ಕ್ಯಾಮೆರಾ ಹಾಕಿಸಿದ್ದೇವೆ. ನಾವು ಸಾಮಾನ್ಯ ಜನ. ಅಂಗಳ, ಸ್ಕೂಟರು, ತುಳಸಿಕಟ್ಟೆ ಬಿಟ್ಟರೆ ಅದರಲ್ಲಿ ಬೇರೇನೂ ಕಾಣುವುದಿಲ್ಲ. ಇದನ್ನು ಹ್ಯಾಕ್ ಮಾಡಿ ಯಾರಿಗೆ ಏನು ಲಾಭ? ಪಾಸ್‌ವರ್ಡ್ ಬದಲಿಸಲೇಬೇಕೆ?

ಉತ್ತರ: ಬದಲಿಸಲೇಬೇಕು. ಪ್ರಶ್ನೆಯ ಕೊನೆಯ ಭಾಗಕ್ಕೆ ಇಷ್ಟು ಉತ್ತರ ಸಾಕು. ಮೊದಲ ಭಾಗಕ್ಕೆ ನಾನು ಎಷ್ಟನೆಯ ಸಲ ಉತ್ತರಿಸುತ್ತಿದ್ದೇನೆಂಬ ಲೆಕ್ಕ ತಪ್ಪಿದೆ. ತುಳಸಿಕಟ್ಟೆಯ ಜಾಗದಲ್ಲಿ ಒಮ್ಮೆ ದನದ ಕೊಟ್ಟಿಗೆ, ಒಮ್ಮೆ ಅಂಗಡಿಯ ಗಲ್ಲಾಪೆಟ್ಟಿಗೆ ಬಂದಿದೆಯೇ ಹೊರತು ಹಿಂದಿನ ತರ್ಕ ಮಾತ್ರ ಕದಲಿಲ್ಲ: ನಮ್ಮಲ್ಲಿ ಕದಿಯುವಂಥದ್ದು ಏನೂ ಇಲ್ಲ, ಆದ್ದರಿಂದ ಕಳ್ಳ ಬರುವುದಿಲ್ಲ. ಕಳ್ಳ ಮನೆ ಆರಿಸಿಕೊಂಡು ಬರುತ್ತಾನೆ ಎಂಬುದು ಇದರಲ್ಲಿರುವ ಒಂದು ತಪ್ಪು; ಅವನಿಗೆ ಬೇಕಾಗಿರುವುದು ನಿಮ್ಮ ಕ್ಯಾಮೆರಾದ ಚಿತ್ರ ಎಂಬುದು ಇನ್ನೊಂದು.

ಮೊದಲನೆಯದನ್ನು ನೋಡೋಣ. ಅಂತರಜಾಲಕ್ಕೆ ಸೇರಿದ ಸಂಪರ್ಕವನ್ನು ಗುರುತಿಸುವ ಸಂಖ್ಯೆಗೆ ಐಪಿ ವಿಳಾಸ ಎನ್ನುತ್ತಾರೆ; ಹಳೆಯ ಪದ್ಧತಿಯಲ್ಲಿ ಇವು ಒಟ್ಟು ಸುಮಾರು 430 ಕೋಟಿ. ಕೇಳಲು ದೊಡ್ಡ ಸಂಖ್ಯೆ. ಆದರೆ 2013ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ಜೀಮ್ಯಾಪ್ ಎಂಬ ತಂತ್ರಾಂಶ ಬರೆದು, ಒಂದೇ ಕಂಪ್ಯೂಟರು ಗಿಗಾಬಿಟ್ ವೇಗದ ಒಂದೇ ಸಂಪರ್ಕದಿಂದ ಆ ಎಲ್ಲ ವಿಳಾಸಗಳ ಬಾಗಿಲನ್ನೂ 45 ನಿಮಿಷದೊಳಗೆ ಒಮ್ಮೆ ತಟ್ಟಿ ಬರಬಲ್ಲದು ಎಂದು ತೋರಿಸಿದರು. ಹೀಗೆ ತಟ್ಟುತ್ತ ಹೋಗುವ ಪ್ರೋಗ್ರಾಮಿಗೆ ಇದು ಮಂತ್ರಿಯ ಮನೆಯೋ ನಿವೃತ್ತ ಮೇಷ್ಟರ ಮನೆಯೋ ಗೊತ್ತಿರುವುದಿಲ್ಲ; ಗೊತ್ತಾಗಬೇಕಾದ ಅಗತ್ಯವೂ ಅದಕ್ಕಿಲ್ಲ. ‘ಸಾಮಾನ್ಯ ಜನ’ ಎಂಬ ರಕ್ಷಾಕವಚ ಇಲ್ಲಿಗೇ ಮುಗಿಯಿತು.

ಎರಡನೆಯದಕ್ಕೆ 2016ರ ಮಿರಾಯ್ ಪ್ರಕರಣಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಮಿರಾಯ್ ಎಂಬ ಆ ಕುತಂತ್ರಾಂಶದ ಬಳಿ ಮಹಾವಿದ್ಯೆಯೇನೂ ಇರಲಿಲ್ಲ. ಕಾರ್ಖಾನೆಯಿಂದಲೇ ಬರುವ ಹೆಸರು-ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿ ಇತ್ತು, ಅಷ್ಟೆ: ‘ಅಡ್ಮಿನ್–ಅಡ್ಮಿನ್’, ‘ಯೂಸರ್–ಯೂಸರ್’, ‘ರೂಟ್–12345’, ಹೀಗೆ ಅರವತ್ತಕ್ಕೂ ಹೆಚ್ಚು. ದೂರದಿಂದಲೇ ಸಾಧನಕ್ಕೆ ಆಜ್ಞೆ ಕೊಡುವ ಟೆಲ್‌ನೆಟ್ ಎಂಬ ಹಳೆಯ ಬಾಗಿಲು ತೆರೆದಿರುವ ಕ್ಯಾಮೆರಾ, ದೃಶ್ಯ ದಾಖಲಿಸುವ ಡಿವಿಆರ್, ರೌಟರುಗಳನ್ನು ಹುಡುಕಿ, ಈ ಜೋಡಿಗಳನ್ನು ಪ್ರಯೋಗಿಸಿ, ಒಳಗೆ ಹೊಕ್ಕು, ಅಲ್ಲಿಂದಲೇ ಮುಂದಿನ ಮನೆಯನ್ನು ಹುಡುಕುತ್ತಿತ್ತು. ಅದು ಉಚ್ಛ್ರಾಯದಲ್ಲಿದ್ದಾಗ ಸುಮಾರು 6 ಲಕ್ಷ ಸಾಧನಗಳು ಅದರ ವಶದಲ್ಲಿದ್ದವು. ಅದೇ ವರ್ಷದ ಅಕ್ಟೋಬರ್ 21ರಂದು ಇಂಥ ಸಾಧನಗಳ ಪಡೆಯೊಂದು ಡೈನ್ ಎಂಬ ಅಮೆರಿಕದ ಸಂಸ್ಥೆಯ ಸರ್ವರುಗಳ ಮೇಲೆ ಒಟ್ಟಾಗಿ ಮುಗಿಬಿದ್ದಿತು. ಜಾಲತಾಣದ ಹೆಸರು ಕೊಟ್ಟರೆ ಅದರ ಐಪಿ ವಿಳಾಸ ಹುಡುಕಿಕೊಡುವ ಸೇವೆ ಆ ಸಂಸ್ಥೆಯದು. ಅದು ತತ್ತರಿಸಿದ ಕಾರಣ ಟ್ವಿಟರ್, ನೆಟ್‌ಫ್ಲಿಕ್ಸ್, ರೆಡಿಟ್ ಮೊದಲಾದ ತಾಣಗಳು ಹಲವರಿಗೆ ಗಂಟೆಗಟ್ಟಲೆ ಸಿಗದೇಹೋದವು. ಮಿರಾಯ್ ಬರೆದವರು ಯಾವುದೋ ದೇಶದ ಗೂಢಚಾರರೆಂದು ಊಹಿಸಬೇಡಿ. ಮೈನ್‌ಕ್ರಾಫ್ಟ್ ಆಟದ ಸರ್ವರುಗಳ ವ್ಯಾಪಾರದ ಪೈಪೋಟಿಯಲ್ಲಿ ಎದುರಾಳಿಗಳನ್ನು ಕೆಡವಲು ಹೊರಟಿದ್ದ ಮೂವರು ಯುವಕರು ಅವರು, 2017ರಲ್ಲಿ ತಪ್ಪೊಪ್ಪಿಕೊಂಡರು. ಅಷ್ಟರಲ್ಲಿ ಅವರ ಪ್ರೋಗ್ರಾಮು ಬಹಿರಂಗವಾಗಿ, ಯಾರು ಬೇಕಾದರೂ ಬಳಸುವಂತಾಗಿತ್ತು.

ಈಗ ನಿಮ್ಮ ಅಂಗಳಕ್ಕೆ ಬನ್ನಿ. ಆ 6 ಲಕ್ಷ ಸಾಧನಗಳ ಚಿತ್ರವನ್ನು ನೋಡುವುದು ಮಿರಾಯ್‌ನ ಕೆಲಸವೇ ಆಗಿರಲಿಲ್ಲ. ದಾಳಿ ನಡೆಯುತ್ತಿದ್ದ ಹೊತ್ತಿನಲ್ಲೂ ಕ್ಯಾಮೆರಾಗಳು ಎಂದಿನಂತೆ ಗೇಟನ್ನೋ ಸ್ಕೂಟರನ್ನೋ ತೋರಿಸುತ್ತಲೇ ಇದ್ದವು. ಯಜಮಾನರಿಗೆ ಬಹುಮಟ್ಟಿಗೆ ಏನೂ ತಿಳಿಯಲಿಲ್ಲ. ಕ್ಯಾಮೆರಾ ಎಂದು ನೀವು ಕರೆಯುವುದು ಲೆನ್ಸ್ ಅಂಟಿಸಿದ ಒಂದು ಪುಟ್ಟ ಕಂಪ್ಯೂಟರು. ಹಗಲೂ ರಾತ್ರಿ ಕರೆಂಟು ಉಣ್ಣುತ್ತ, ಅಂತರಜಾಲಕ್ಕೆ ಅಂಟಿಕೊಂಡು, ಯಾರ ಕಣ್ಗಾವಲೂ ಇಲ್ಲದೆ ಎಚ್ಚರವಾಗಿರುವ ಕಂಪ್ಯೂಟರು. ಕಳ್ಳನಿಗೆ ಬೇಕಾಗಿರುವುದು ಆ ಕಂಪ್ಯೂಟರು, ಮತ್ತು ಅದರ ಜೊತೆ ಉಚಿತವಾಗಿ ಸಿಗುವ ನಿಮ್ಮ ಐಪಿ ವಿಳಾಸ.

ವಿಳಾಸದ ಮಾತು ಉತ್ಪ್ರೇಕ್ಷೆಯೆನಿಸಿದರೆ ಇನ್ನೊಂದು ಉದಾಹರಣೆ ಕೊಡುತ್ತೇನೆ. ಅಗ್ಗದ, ಬ್ರಾಂಡಿನ ಗುರುತಿಲ್ಲದ ಆಂಡ್ರಾಯ್ಡ್ ಟಿವಿ ಬಾಕ್ಸುಗಳಲ್ಲಿ ಕೆಲವು ಮಾರಾಟಕ್ಕೆ ಬರುವ ಮೊದಲೇ ಸೋಂಕು ಹೊತ್ತಿರುತ್ತವೆಂದು 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಎಚ್ಚರಿಸಿತು. ಹೀಗೆ ಸೋಂಕು ತಗುಲಿದ ಸಾಧನಗಳ ಜಾಲಕ್ಕೆ ಬ್ಯಾಡ್‌ಬಾಕ್ಸ್ 2.0 ಎಂದು ಹೆಸರು. ಇಂಥ ಪೆಟ್ಟಿಗೆ ಮಾಡುವ ಒಂದು ಮುಖ್ಯ ಕೆಲಸವೆಂದರೆ ನಿಮ್ಮ ಮನೆಯ ಸಂಪರ್ಕವನ್ನು ಅಪರಿಚಿತರಿಗೆ ಬಾಡಿಗೆಗೆ ಬಿಡುವುದು. ಅವರು ನಿಮ್ಮ ಮೂಲಕ ಹಾದು ವಂಚನೆ ನಡೆಸಿದರೆ ಎದುರಿನವರಿಗೆ ಕಾಣುವುದು ನಿಮ್ಮ ಐಪಿ ವಿಳಾಸ. ಪೊಲೀಸರಿಗೆ ಮೊದಲು ಸಿಗುವುದು ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರ ಹೆಸರು.

ಸ್ವಲ್ಪ ಓದಿಕೊಂಡವರು ಇಲ್ಲಿ ಒಂದು ಆಕ್ಷೇಪ ಎತ್ತುತ್ತಾರೆ: ನಮ್ಮ ಇಂಟರ್‌ನೆಟ್ ಕಂಪನಿ ಅನೇಕ ಮನೆಗಳಿಗೆ ಸೇರಿಸಿ ಒಂದೇ ವಿಳಾಸ ಕೊಟ್ಟಿದೆ, ಹಾಗಾಗಿ ಹೊರಗಿನವರು ನೇರವಾಗಿ ಬಾಗಿಲು ತಟ್ಟಲಾರರು. ಆಕ್ಷೇಪ ಅರ್ಧ ಸರಿ. ಅಷ್ಟರ ಮಟ್ಟಿಗೆ ನನಗೆ ಸಂತೋಷವೇ. ಆದರೆ ನೀವು ಆಫೀಸಿನಲ್ಲಿ ಕುಳಿತು ಮೊಬೈಲಿನಲ್ಲಿ ಅಂಗಳ ನೋಡುವುದು ಹೇಗೆ ಸಾಧ್ಯವಾಯಿತು? ಕ್ಯಾಮೆರಾ ತಾನೇ ಹೊರಗೆ ಹೋಗಿ ತಯಾರಕರ ಸರ್ವರಿನ ಕೈ ಹಿಡಿದು ನಿಂತಿದೆ. ಒಳಗಿನಿಂದ ತೆರೆದ ಬಾಗಿಲನ್ನು ಹೊರಗಿನ ಗೋಡೆ ಕಾಯುವುದಿಲ್ಲ. ಟಿವಿ ಬಾಕ್ಸಿನ ಸೋಂಕಂತೂ ನಾವೇ ದುಡ್ಡು ಕೊಟ್ಟು ಮನೆಯೊಳಕ್ಕೆ ತಂದದ್ದು.

ಮಾಡಬೇಕಾದ್ದು ಹೆಚ್ಚೇನಿಲ್ಲ. ಕ್ಯಾಮೆರಾ ಮತ್ತು ರೌಟರು ಎರಡರ ಪಾಸ್‌ವರ್ಡನ್ನೂ ಬದಲಿಸಿ, ಅಪ್‌ಡೇಟ್ ಬಂದಾಗ ಹಾಕಿಕೊಳ್ಳಿ, ರೌಟರಿನಲ್ಲಿ ಗೆಸ್ಟ್ ನೆಟ್‌ವರ್ಕ್ (ಅತಿಥಿಗಳಿಗೆಂದು ಬೇರೆಯಾಗಿಟ್ಟ ವೈಫೈ) ಇದ್ದರೆ ಇಂಥ ಸಾಧನಗಳನ್ನೆಲ್ಲ ಅದಕ್ಕೆ ಸೇರಿಸಿ. ಸ್ವಿಚ್ ಆಫ್ ಮಾಡಿ ಆನ್ ಮಾಡಿದರೆ ಸಾಲದೆ ಎಂದು ಕೇಳುವವರಿಗೆ: ಮಿರಾಯ್ ಸಾಧನದ ತಾತ್ಕಾಲಿಕ ಸ್ಮೃತಿಯಲ್ಲಿ ಮಾತ್ರ ಇರುತ್ತಿದ್ದುದರಿಂದ ಹಾಗೆ ಮಾಡಿದರೆ ಹೋಗುತ್ತಿತ್ತು, ನಿಜ, ಹಳೆಯ ಪಾಸ್‌ವರ್ಡೇ ಉಳಿದಿದ್ದರೆ ಕೆಲವೇ ನಿಮಿಷಗಳಲ್ಲಿ ಮರಳಿ ಬರುತ್ತಿತ್ತು. ಎಲ್ಲ ಸಾಧನಗಳಿಗೂ ಒಂದೇ ಸುಲಭದ ಪಾಸ್‌ವರ್ಡ್ ಹಾಕಿ ಮಾರುವುದನ್ನು ಬ್ರಿಟನ್ 2024ರ ಏಪ್ರಿಲ್ 29ರಿಂದ ಕಾನೂನಿನ ಮೂಲಕ ನಿಷೇಧಿಸಿದೆ. ನಮ್ಮಲ್ಲೂ ಸಿಸಿಟಿವಿ ಕ್ಯಾಮೆರಾಗಳಿಗೆ ಸುರಕ್ಷತಾ ಪರೀಕ್ಷೆ 2025ರ ಏಪ್ರಿಲ್‌ನಿಂದ ಕಡ್ಡಾಯವಾಗಿದೆ. ಆದರೆ ನಿಮ್ಮ ಸಜ್ಜದ ಕೆಳಗೆ ಈಗಾಗಲೇ ನೇತಾಡುತ್ತಿರುವ ಹಳೆಯ ಕ್ಯಾಮೆರಾಕ್ಕೆ ಇದರಿಂದ ಪ್ರಯೋಜನವಿಲ್ಲ.

ಯಾರೂ ಕೇಳದ ಒಂದು ಪ್ರಶ್ನೆ ಉಳಿದಿದೆ: ನಿಮ್ಮ ಕ್ಯಾಮೆರಾದ ಯಜಮಾನ ಯಾರು? ಕಳೆದ ವರ್ಷ ಅತ್ತಿಗೆಯ ಮನೆಯಲ್ಲಿ ಪಾಸ್‌ವರ್ಡ್ ಬದಲಿಸಲು ಕುಳಿತಾಗ ಆ್ಯಪ್ ಒಪ್ಪಲಿಲ್ಲ. ಅತ್ತಿಗೆ ಅದರಲ್ಲಿ ಬರೀ ಅತಿಥಿಯಾಗಿದ್ದರು. ಕ್ಯಾಮೆರಾ ಹಾಕಿಕೊಟ್ಟ ಹುಡುಗನನ್ನು ಕರೆಸಿದೆವು. ಅವನ ಮೊಬೈಲಿನಲ್ಲಿ ಬೀದಿಯ ಹತ್ತಾರು ಮನೆಗಳ ಗೇಟು, ವರಾಂಡ, ಒಂದೆರಡು ನಡುಮನೆ ಚಿಕ್ಕ ಚೌಕಗಳಾಗಿ ಸಾಲಾಗಿ ನಿಂತಿದ್ದವು. ಎಲ್ಲಕ್ಕೂ ಅಂಗಡಿಯ ಹೆಸರಿನ ಮುಂದೆ 123 ಸೇರಿಸಿದ ಒಂದೇ ಪಾಸ್‌ವರ್ಡ್. ‘ಏನಾದ್ರೂ ಕೆಟ್ರೆ ಇಲ್ಲಿಂದ್ಲೇ ಸರಿ ಮಾಡ್ಬೋದು ಅಂತ, ಸಾರ್’ ಎಂದ. ಒಳ್ಳೆಯ ಹುಡುಗ, ಹೇಳಿದ್ದು ನಿಜವೇ ಇರಬೇಕು. ಆದರೆ ಆ ಮೊಬೈಲು ಬಸ್ಸಿನಲ್ಲಿ ಕಳೆದುಹೋದರೆ ಇಡೀ ಬೀದಿಯೇ ಕಳೆದುಹೋದಂತೆ. ಮೊದಲು ಅವನ ಖಾತೆಯಿಂದ ಕ್ಯಾಮೆರಾವನ್ನು ತೆಗೆಸಿ, ಆಮೇಲೆ ಅದರ ರೀಸೆಟ್ ಗುಂಡಿಯನ್ನು ಪಿನ್ನಿನಿಂದ ಒತ್ತಿ ಹಿಡಿದು, ಅತ್ತಿಗೆಯ ನಂಬರಿನಲ್ಲಿ ಹೊಸದಾಗಿ ಸೇರಿಸಿದೆವು. ಈ ಕ್ರಮವನ್ನು ತಿರುವುಮುರುವು ಮಾಡಬೇಡಿ. ಹಳೆಯ ಖಾತೆಯಿಂದ ತೆಗೆಯದೆ ರೀಸೆಟ್ ಮಾಡಿದರೆ ಹಲವು ಆ್ಯಪ್‌ಗಳು ಹೊಸ ಯಜಮಾನರನ್ನು ಒಪ್ಪಿಕೊಳ್ಳುವುದಿಲ್ಲ.