ನೂರು ರೂಪಾಯಿಗೆ ತೊಂಬತ್ತೇಳೂಮುಕ್ಕಾಲು

ಎರಡು ಲಕ್ಷ ರೂಪಾಯಿಯ ಮೇಲೆ ಗಳಿಸಿದ ಪ್ರತಿ ನೂರರಲ್ಲಿ ಸರ್ಕಾರಕ್ಕೆ 97 ರೂಪಾಯಿ 75 ಪೈಸೆ, ಗಳಿಸಿದವರಿಗೆ ಎರಡೂಕಾಲು ರೂಪಾಯಿ. 1970ರ ದಶಕದ ಆರಂಭದಲ್ಲಿ ಭಾರತದ ಆದಾಯ ತೆರಿಗೆ ಇದ್ದದ್ದು ಹೀಗೆ. ಈ ದರ ಇಡೀ ಆದಾಯಕ್ಕಲ್ಲ, ಎರಡು ಲಕ್ಷ ದಾಟಿದ ಭಾಗಕ್ಕೆ ಮಾತ್ರ. ಸ್ಲ್ಯಾಬ್ ದಾಟಿದರೆ ಗಳಿಸಿದ್ದೆಲ್ಲ ಹೋಯಿತು ಎಂದು ಈಗಲೂ ಹೆದರುವವರಿದ್ದಾರೆ, ಅದಕ್ಕೇ ಹೇಳಬೇಕಾಯಿತು.

ಲೆಕ್ಕ ಸರಳ. ಹಣಕಾಸು ಖಾತೆಯನ್ನು ತಾವೇ ಇಟ್ಟುಕೊಂಡಿದ್ದ ಇಂದಿರಾ ಗಾಂಧಿ 1970ರ ಬಜೆಟ್‌ನಲ್ಲಿ ಗರಿಷ್ಠ ದರವನ್ನು ಶೇ 85ಕ್ಕೆ ಏರಿಸಿದರು. ಹಾಗೆ ಬಂದ ತೆರಿಗೆಯ ಮೊತ್ತದ ಮೇಲೆ ಮತ್ತೆ ಶೇ 10 ಸರ್‌ಚಾರ್ಜ್. ಮರುವರ್ಷ ಹಣಕಾಸು ಸಚಿವ ವೈ.ಬಿ. ಚವಾಣ್ ಸರ್‌ಚಾರ್ಜನ್ನು ಶೇ 15 ಮಾಡಿದಾಗ ಒಟ್ಟು 97.75 ಆಯಿತು. ಸಂಪತ್ತು ತೆರಿಗೆ ಬೇರೆ. ಎರಡನ್ನೂ ಕೂಡಿದರೆ ಕೆಲವರ ತೆರಿಗೆ ಅವರ ಆ ವರ್ಷದ ಆದಾಯವನ್ನೇ ಮೀರುತ್ತಿತ್ತು.

ಇದನ್ನು ಭಾರತದ ಸಮಾಜವಾದಿ ಹುಚ್ಚು ಎಂದು ತಳ್ಳಿಹಾಕುವುದು ಸುಲಭ. ಆದರೆ ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಗರಿಷ್ಠ ದರ ಶೇ 94, ಬ್ರಿಟನ್ನಿನದು ಶೇ 97.5 ಮುಟ್ಟಿತ್ತು. ಅಲ್ಲಿ ಯುದ್ಧದ ಖರ್ಚಿನ ನೆಪವಿತ್ತು. ಇಲ್ಲಿ ಕೊಟ್ಟ ಕಾರಣ ಸಮಾನತೆ. ಸಂಪತ್ತು ಕೆಲವರ ಕೈಯಲ್ಲಿ ಕ್ರೋಡೀಕರಣವಾಗಬಾರದು ಎಂಬ ಸಂವಿಧಾನದ 39(ಸಿ) ವಿಧಿಯ ಆಶಯ ಅದರ ಬೆನ್ನಿಗಿತ್ತು.

ಆದಾಯ ತೆರಿಗೆ ಹುಟ್ಟಿದ್ದಂತೂ ಸಮಾನತೆಗಾಗಿ ಅಲ್ಲ. 1857ರ ದಂಗೆಯಿಂದ ಬರಿದಾದ ಖಜಾನೆ ತುಂಬಿಸಲು 1860ರಲ್ಲಿ ಬ್ರಿಟಿಷ್ ಭಾರತದ ಹಣಕಾಸು ನೋಡಿಕೊಳ್ಳುತ್ತಿದ್ದ ಜೇಮ್ಸ್ ವಿಲ್ಸನ್ ಅದನ್ನು ತಂದರು. ಬಹಿರಂಗವಾಗಿ ವಿರೋಧಿಸಿದ ಮದ್ರಾಸ್ ಗವರ್ನರ್ ಚಾರ್ಲ್ಸ್ ಟ್ರೆವೆಲ್ಯನ್ ಹುದ್ದೆ ಕಳೆದುಕೊಂಡರು. ವಿಲ್ಸನ್ ಅದೇ ವರ್ಷ ಕಲ್ಕತ್ತೆಯಲ್ಲಿ ತೀರಿಕೊಂಡರು.

ಉಳ್ಳವರಿಂದ ಹೆಚ್ಚಿನ ದರದಲ್ಲಿ ಪಡೆಯುವುದು ನ್ಯಾಯವೇ ಎಂಬ ವಾದ ಯುರೋಪಿನಲ್ಲಿ ಅದಕ್ಕೂ ಮೊದಲೇ ಕಾವೇರಿತ್ತು. 1848ರಲ್ಲಿ ಮಾರ್ಕ್ಸ್ ಮತ್ತು ಎಂಗೆಲ್ಸ್ ಕಡಿದಾಗಿ ಏರುವ ಆದಾಯ ತೆರಿಗೆ ಬೇಕೆಂದರು. ಅದೇ ವರ್ಷ ಇಂಗ್ಲೆಂಡಿನ ಚಿಂತಕ ಜಾನ್ ಸ್ಟುವರ್ಟ್ ಮಿಲ್ ಅದು ದುಡಿಮೆಗೂ ಮಿತವ್ಯಯಕ್ಕೂ ಹಾಕುವ ದಂಡ ಎಂದರು. ಮಿಲ್ ಉಳ್ಳವರ ವಕೀಲರೇನಲ್ಲ. ಗಳಿಸಿದ್ದನ್ನು ಬಿಡಿ, ಕೂತಲ್ಲಿಗೆ ಬಂದ ಪಿತ್ರಾರ್ಜಿತಕ್ಕೆ ಕೈ ಹಾಕಿ ಎಂಬುದು ಅವರ ನಿಲುವು. ನನಗೆ ಇಡೀ ಚರ್ಚೆಯ ತಿರುಳು ಇಲ್ಲೇ ಇದೆ ಅನ್ನಿಸುತ್ತದೆ.

ಹಾರ್ವರ್ಡ್‌ನ ಜಾನ್ ರಾಲ್ಸ್ ನ್ಯಾಯದ ಕುರಿತ ತಮ್ಮ ಮಹಾಗ್ರಂಥ ಪ್ರಕಟಿಸಿದ್ದು 1971ರಲ್ಲಿ, ನಮ್ಮ ದರ ಶಿಖರ ಮುಟ್ಟಿದ ವರ್ಷ. ಸಮತಾವಾದದ ಆ ದೊಡ್ಡ ಚಿಂತಕರೂ ನ್ಯಾಯಯುತ ವ್ಯವಸ್ಥೆಯಿರುವ ಸಮಾಜದಲ್ಲಿ ಖರ್ಚಿನ ಮೇಲೆ ಎಲ್ಲರಿಗೂ ಒಂದೇ ದರದ ತೆರಿಗೆ ಸಾಕಾಗಬಹುದು ಎಂದರು. ಏರುವ ದರ ಬೇಕಾದದ್ದು ಮುಖ್ಯವಾಗಿ ಉತ್ತರಾಧಿಕಾರಕ್ಕೆ. ಹಾಗಿಲ್ಲದ ಸಮಾಜದಲ್ಲಿ ಕಡಿದಾದ ಆದಾಯ ತೆರಿಗೆಯೂ ಸಮರ್ಥನೀಯ ಎಂದು ಬಾಗಿಲು ತೆರೆದಿಟ್ಟರು. 1974ರಲ್ಲಿ ಅವರ ಸಹೋದ್ಯೋಗಿ ರಾಬರ್ಟ್ ನೋಜಿಕ್ ದುಡಿಮೆಯ ಮೇಲಿನ ತೆರಿಗೆ ಬಿಟ್ಟಿ ಚಾಕರಿಗೆ ಸಮ ಎಂದು ಬರೆದರು.

ಭಾರತಕ್ಕೂ ಬೇರೆ ದಾರಿ ತೋರಿಸಿದವರಿದ್ದರು. 1956ರಲ್ಲಿ ಇಲ್ಲಿಗೆ ಬಂದ ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ನಿಕೊಲಸ್ ಕಾಲ್ಡೋರ್ ಸಲಹೆಯ ಸಾರ ಇಷ್ಟು: ಆದಾಯ ತೆರಿಗೆ ಶೇ 45 ಮೀರದಿರಲಿ, ಸಂಪತ್ತು, ಖರ್ಚು, ಉಡುಗೊರೆ, ಬಂಡವಾಳ ಲಾಭ ಎಲ್ಲದರ ಮೇಲೂ ತೆರಿಗೆ ಇರಲಿ, ಒಂದರ ಲೆಕ್ಕ ಇನ್ನೊಂದರ ಕಳ್ಳತನ ಬಯಲು ಮಾಡುತ್ತದೆ. ದೆಹಲಿ ಅರ್ಧ ಮಾತ್ರ ಕೇಳಿಸಿಕೊಂಡಿತು. ಹೊಸ ತೆರಿಗೆಗಳು ಬಂದವು, ದರ ಮಾತ್ರ ಅಷ್ಟು ಇಳಿಯಲಿಲ್ಲ. ಫಲ ಗೊತ್ತಿರುವುದೇ: ಬೇನಾಮಿ ಆಸ್ತಿ, ಎರಡೆರಡು ಲೆಕ್ಕದ ಪುಸ್ತಕ. ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಎನ್. ವಾಂಛೂ ಸಮಿತಿ ತೆರಿಗೆ ವಂಚನೆಗೆ ಅತಿಯಾದ ದರವೇ ದೊಡ್ಡ ಕಾರಣ ಎಂದಿತು. 1974ರಲ್ಲಿ ಗರಿಷ್ಠ ದರ ಶೇ 77ಕ್ಕೆ, 1976ರಲ್ಲಿ 66ಕ್ಕೆ, 1985ರಲ್ಲಿ ವಿ.ಪಿ. ಸಿಂಗ್ ಕಾಲಕ್ಕೆ 50ಕ್ಕೆ, 1997ರಲ್ಲಿ ಚಿದಂಬರಂ ಬಜೆಟ್‌ನಲ್ಲಿ 30ಕ್ಕೆ ಬಂತು.

ದರ ಇಳಿದದ್ದಕ್ಕೆ ನನ್ನ ತಕರಾರಿಲ್ಲ. ಅದರ ಜೊತೆಗೇ ಹೋದದ್ದಕ್ಕೆ ಇದೆ. 1953ರಿಂದ ಇದ್ದ ಎಸ್ಟೇಟ್ ಡ್ಯೂಟಿ, ಅಂದರೆ ಸತ್ತವರ ಆಸ್ತಿಯ ಮೇಲಿನ ತೆರಿಗೆ, 1985ರಲ್ಲಿ ರದ್ದಾಯಿತು. ಬರುವುದು ಸುಮಾರು 20 ಕೋಟಿ, ವಸೂಲಿಯ ಖರ್ಚು ಜಾಸ್ತಿ ಎಂಬುದು ಸಬೂಬು. ಉಡುಗೊರೆ ತೆರಿಗೆ 1998ರಲ್ಲಿ ಹೋಯಿತು. 2013–14ರಲ್ಲಿ 1,008 ಕೋಟಿ ತಂದಿದ್ದ ಸಂಪತ್ತು ತೆರಿಗೆಯನ್ನು 2015ರ ಬಜೆಟ್ ಕೈಬಿಟ್ಟು, ಕೋಟಿ ಮೀರಿದ ಆದಾಯಕ್ಕೆ ಶೇ 2 ಸರ್‌ಚಾರ್ಜ್ ಸೇರಿಸಿತು. ಮತ್ತೆ ಆದಾಯವೇ.

2025–26ರ ಹೊಸ ಪದ್ಧತಿಯಲ್ಲಿ ಸಂಬಳದಲ್ಲಿ 24 ಲಕ್ಷ ದಾಟಿದ ಭಾಗಕ್ಕೆ ಶೇ 30, ಅದೂ ಕೈಗೆ ಬರುವ ಮೊದಲೇ ಕಡಿತ. ಅಪ್ಪನಿಂದ ನೂರು ಕೋಟಿಯ ಷೇರು ಮಗಳ ಹೆಸರಿಗೆ ಬಂದರೆ ಆ ವರ್ಗಾವಣೆಗೆ ತೆರಿಗೆ ಸೊನ್ನೆ. 2024ರ ಲೋಕಸಭಾ ಚುನಾವಣೆಯ ನಡುವೆ ಉತ್ತರಾಧಿಕಾರ ತೆರಿಗೆಯ ಮಾತು ಒಮ್ಮೆ ಎದ್ದಿತು. ಬಿಜೆಪಿ ಅದನ್ನು ಪ್ರಚಾರದ ಅಸ್ತ್ರ ಮಾಡಿಕೊಂಡಿತು, ಅದು ತನ್ನ ನಿಲುವಲ್ಲ ಎಂದು ಕಾಂಗ್ರೆಸ್ ಅವಸರವಾಗಿ ದೂರ ಸರಿಯಿತು.