ಶಹಾಬಾದಿನ ಹಳೇ ಖಣಿಗಳು: ತಗ್ಗು ಮುಚ್ಚುವ ಮೊದಲು

ಕಲಬುರಗಿಯಿಂದ ವಾಡಿ ಕಡೆ ಹೊರಟರೆ ಶಹಾಬಾದ್ ಸುತ್ತಮುತ್ತ ಕಲ್ಲಿನ ಚೂರುಗಳ ದೊಡ್ಡ ದೊಡ್ಡ ಗುಡ್ಡೆಗಳು ಕಾಣುತ್ತವೆ. ಫರ್ಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು, ತೆಗೆದ ಮೇಲೆ ಬೇಡವೆಂದು ಎಸೆದ ಕಲ್ಲು ಅದು. ತಲೆಮಾರುಗಳಿಂದ ಬಿದ್ದು ಬಿದ್ದು ಅಷ್ಟು ಎತ್ತರ ಆಗಿದೆ. ಗುಡ್ಡೆಯ ಹಿಂದೆ ಖಣಿ. ಕೆಲವು ಇನ್ನೂ ನಡೆಯುತ್ತಿವೆ, ಎಷ್ಟೋ ನಿಂತುಹೋಗಿವೆ. ನಿಂತವುಗಳಲ್ಲಿ ನೀರು ತುಂಬಿದೆ, ಜಾಲಿ ಬೆಳೆದಿದೆ, ಊರಿಗೆ ಹತ್ತಿರ ಇದ್ದರೆ ಕಸ ಬೀಳುತ್ತಿದೆ.

ಈ ತಗ್ಗುಗಳಿಗೂ ಪರಂಪರೆಯ ಬೆಲೆ ಇದೆ ಅಂದರೆ ಜನ ಸುಲಭವಾಗಿ ಒಪ್ಪುವುದಿಲ್ಲ. ಕೋಟೆ, ಗುಮ್ಮಟ, ಗುಡಿ ಅಂದರೆ ಸರಿ. ಕಲ್ಲು ತೆಗೆದ ತಗ್ಗಿನಲ್ಲಿ ನೋಡುವುದಕ್ಕೆ ಏನಿದೆ ಅಂತಾರೆ. ಇದೇ ಮಾತು ಬೇರೆ ದೇಶಗಳಲ್ಲೂ ಬಂದಿತ್ತು, ಅಲ್ಲಿ ಕಲ್ಲಿದ್ದಲು ಗಣಿಗಳ ವಿಷಯದಲ್ಲಿ. ವೇಲ್ಸ್‌ನ ಬ್ಲೇನಾವನ್‌ನಲ್ಲಿ ಬಿಗ್ ಪಿಟ್ ಎಂಬ ಕಲ್ಲಿದ್ದಲು ಗಣಿ 1980ರಲ್ಲಿ ಮುಚ್ಚಿತು. 1983ರಲ್ಲಿ ಅದು ಮ್ಯೂಸಿಯಂ ಆಗಿ ಮತ್ತೆ ತೆರೆಯಿತು. ಅಲ್ಲಿ ದುಡಿದವರೇ ಬಂದವರನ್ನು ನೆಲದಡಿಗೆ ಕರೆದುಕೊಂಡು ಹೋಗಿ ತಮ್ಮ ಕೆಲಸ ತೋರಿಸಿದರು. 2000ದಲ್ಲಿ ಆ ಇಡೀ ಪ್ರದೇಶ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿ ಸೇರಿತು. ಜರ್ಮನಿಯ ಎಸೆನ್ ನಗರದ ಜೋಲ್‌ವರೈನ್ ಗಣಿ ಮುಚ್ಚಿದ್ದು 1986ರಲ್ಲಿ, ಪಟ್ಟಿ ಸೇರಿದ್ದು 2001ರಲ್ಲಿ.

ನಮಗೆ ಜಾಸ್ತಿ ಹತ್ತಿರ ಅನಿಸುವುದು ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಓಂಬಿಲಿನ್. ಅಲ್ಲಿ ಡಚ್ಚರ ಕಾಲದ ಕಲ್ಲಿದ್ದಲು ಗಣಿ, ಗಣಿಗಾಗಿ ಕಟ್ಟಿದ ಊರು, ಕಲ್ಲಿದ್ದಲು ಸಾಗಿಸಿದ ರೈಲು ಹಳಿ, ಬಂದರು ಎಲ್ಲವನ್ನೂ ಸೇರಿಸಿ 2019ರಲ್ಲಿ ಒಂದೇ ಪರಂಪರೆ ಎಂದು ಗುರುತಿಸಿದರು. ಸರಪಳಿ ಬಿಗಿದ ಕೈದಿಗಳಿಂದ ಅಲ್ಲಿ ದುಡಿಸಿಕೊಂಡಿದ್ದರು. ಆ ನೋವನ್ನೂ ಮುಚ್ಚಿಡಲಿಲ್ಲ.

ಕಲಬುರಗಿ ನೆಲದಲ್ಲಿ ಕಲ್ಲಿದ್ದಲು ಇಲ್ಲ. ಆದರೆ ನಮ್ಮ ಫರ್ಸಿಯ ಕಥೆ ಕಲ್ಲಿದ್ದಲಿನ ಕಥೆಯ ಜೊತೆಜೊತೆಗೇ ನಡೆದಿದೆ. ವಿಲಿಯಂ ಕಿಂಗ್ ಎಂಬ ಭೂವಿಜ್ಞಾನಿ ನಿಜಾಮ್ ಸಂಸ್ಥಾನದ ಯೆಲ್ಲಂದು ಹತ್ತಿರ ಕಲ್ಲಿದ್ದಲು ಪತ್ತೆ ಮಾಡಿದ್ದು 1871ರಲ್ಲಿ. ಮುಂದೆ ಸಿಂಗರೇಣಿ ಗಣಿಗಳು ಬೆಳೆದದ್ದು ಅದರಿಂದಲೇ. ನಮ್ಮ ಕಡೆಯ ಸುಣ್ಣದ ಕಲ್ಲಿನ ಪದರಗಳಿಗೆ ಭೀಮಾ ನದಿಯ ಹೆಸರು ಕೊಟ್ಟು ‘ಭೀಮಾ ಸೀರೀಸ್’ ಎಂದು ಬರೆದವರೂ ಅವರೇ, ಮರುವರ್ಷ 1872ರಲ್ಲಿ.

ಅದೇ ಹೊತ್ತಿಗೆ ರೈಲು ಬಂತು. ಬಾಂಬೆಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ಹಳಿಯನ್ನು ಕೂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಶುರುವಾಯಿತು. ಮುಂದೆ ಆ ಹಳಿಯನ್ನು ಸಿಂಗರೇಣಿವರೆಗೆ ಎಳೆದರು, 1889ರಲ್ಲಿ ಅಲ್ಲಿ ಗಣಿಗಾರಿಕೆ ಆರಂಭವಾಯಿತು. ಆ ಕಡೆಯ ಕಲ್ಲಿದ್ದಲಿಗೂ ಈ ಕಡೆಯ ಕಲ್ಲಿಗೂ ರೈಲಿನ ದಾರಿ ತೆರೆಯಿತು. ಅಲ್ಲಿವರೆಗೆ ಎತ್ತಿನ ಗಾಡಿ ಹೋದಷ್ಟು ದೂರ ಮಾತ್ರ ಹೋಗುತ್ತಿದ್ದ ಫರ್ಸಿ ಹೈದರಾಬಾದ್, ಪುಣೆ, ಮುಂಬೈ ಮುಟ್ಟಿತು. ಅಂಗಳಕ್ಕೆ, ಬಚ್ಚಲಿಗೆ, ಮೆಟ್ಟಿಲಿಗೆ, ರಸ್ತೆ ಬದಿಯ ಕಾಲುದಾರಿಗೆ ಶಹಾಬಾದ್ ಕಲ್ಲೇ ಬೇಕು ಅನ್ನುವಂತಾಯಿತು. ಒಂದು ಊರಿನ ಹೆಸರು ಕಲ್ಲಿಗೇ ಅಂಟಿಕೊಂಡಿತು.

ರೈಲಿಗಿಂತ ಎಷ್ಟೋ ಮೊದಲೇ ಈ ಕಲ್ಲಿನ ಕೆಲಸ ಇತ್ತು. ಚಿತ್ತಾಪುರ ತಾಲ್ಲೂಕಿನ ಸನ್ನತಿ ಹತ್ತಿರ, ಭೀಮಾ ದಂಡೆಯ ಕನಗನಹಳ್ಳಿಯಲ್ಲಿ ಬೌದ್ಧ ಮಹಾಸ್ತೂಪ ಸಿಕ್ಕಿತಲ್ವಾ, ಅದಕ್ಕೆ ಹೊದಿಸಿದ ಶಿಲ್ಪದ ಫಲಕಗಳು ಈ ಸೀಮೆಯ ಸುಣ್ಣದ ಕಲ್ಲಿನವು. ‘ರಾಯೋ ಅಸೋಕೋ’ ಎಂದು ಬ್ರಾಹ್ಮಿಯಲ್ಲಿ ಬರೆದ ಅಶೋಕನ ಶಿಲ್ಪ ಇರುವುದೂ ಅಂಥ ಫಲಕದ ಮೇಲೆ. ಅಂದರೆ ಸುಮಾರು 2000 ವರ್ಷದ ಹಿಂದೆಯೇ ಇಲ್ಲಿನ ಕೈಗಳಿಗೆ ಈ ಕಲ್ಲನ್ನು ಒಡೆಯದಂತೆ ಅಗಲವಾಗಿ ಎಬ್ಬಿಸುವುದು ಗೊತ್ತಿತ್ತು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆ ಗೋಡೆಯಲ್ಲೂ ಇದೇ ಕಲ್ಲು ಕಾಣುತ್ತದೆ. ಫಲಕವನ್ನು, ಗೋಡೆಯನ್ನು ಕಾಯುತ್ತೇವೆ. ಕಲ್ಲು ಎದ್ದು ಬಂದ ಜಾಗದ ಬಗ್ಗೆ ಯಾರೂ ಕೇಳುವುದಿಲ್ಲ. ನನಗೆ ಇದು ಅರ್ಧ ಕೆಲಸ ಅನಿಸುತ್ತದೆ.

ನಿಂತುಹೋದ ಒಂದು ಖಣಿಯ ಗೋಡೆಯನ್ನು ಹತ್ತಿರದಿಂದ ನೋಡಬೇಕು. ಮೇಲೆ ಎರೆ ಮಣ್ಣು. ಅದರ ಕೆಳಗೆ ಬಿರುಕುಬಿಟ್ಟ, ಕೆಲಸಕ್ಕೆ ಬಾರದ ಕಲ್ಲು. ಅದನ್ನು ದಾಟಿದರೆ ಕಡಕ್ ರೊಟ್ಟಿ ಒಟ್ಟಿದ ಹಾಗೆ ಒಂದರ ಮೇಲೊಂದು ಪದರ, ಅಲುಗಾಡದೆ, ಮಟ್ಟವಾಗಿ. ಪದರದ ನಡುವೆ ತೆಳ್ಳನೆ ಜೇಡಿ. ಆ ಜೇಡಿ ಇರುವುದರಿಂದಲೇ ಹಾಸು, ಅಂದರೆ ಒಂದೊಂದು ಪದರ, ಬಿಟ್ಟುಕೊಳ್ಳುತ್ತದೆ. ಒಂದು ಹಾಸು ಬೂದಿ ಬಣ್ಣ, ಇನ್ನೊಂದು ನೀಲಿ ಕಪ್ಪು, ಮತ್ತೊಂದು ತುಸು ಗುಲಾಬಿ. ಕೆಲವು ಕಲ್ಲಿನ ಅಂಚಿನಲ್ಲಿ ಗರಗಸದ ಹಲ್ಲಿನಂಥ ಕಪ್ಪು ಗೆರೆ ಓಡಿರುತ್ತದೆ. ಇಲ್ಲಿ ಆಳವಿಲ್ಲದ ಸಮುದ್ರ ಇದ್ದಾಗ ತಳಕ್ಕೆ ಇಳಿದ ಸುಣ್ಣದ ಕೆಸರು ಇದು. 50 ಕೋಟಿ ವರ್ಷಕ್ಕಿಂತಲೂ ಹಳೆಯದು.

ಅದೇ ಗೋಡೆಯಲ್ಲಿ ಮನುಷ್ಯರ ಗುರುತೂ ಇದೆ. ಯಂತ್ರ ಬರುವ ಮೊದಲು ಮಣ್ಣು ಸರಿಸಿ, ಬಿರುಕು ಹುಡುಕಿ, ಹಾರೆ ತೂರಿಸಿ, ಹಾಸನ್ನು ನಿಧಾನಕ್ಕೆ ಮೀಟಿ ಎಬ್ಬಿಸುತ್ತಿದ್ದರು. ಸುತ್ತಿಗೆಯಿಂದ ತಟ್ಟಿದಾಗ ಕಲ್ಲು ಗಟ್ಟಿಯಾಗಿ ನಾದ ಕೊಟ್ಟರೆ ಒಳ್ಳೆಯದು, ಮಂದವಾಗಿ ಸದ್ದು ಬಂದರೆ ಒಳಗೆ ಸೀಳಿದೆ ಎಂದು ಅರ್ಥ. ಆಮೇಲೆ ಗೆರೆ ಎಳೆದು, ಗೆರೆಯುದ್ದಕ್ಕೂ ಉಳಿ ಏಟು ಹಾಕಿ, ಫೂಟಿನ ಲೆಕ್ಕದಲ್ಲಿ ಮುರಿಯುವುದು. ಈ ಕೆಲಸದಲ್ಲಿ ವಡ್ಡರ ಸಮಾಜದವರ ಪಾಲು ದೊಡ್ಡದು. ಗಂಡಸರು ಎಬ್ಬಿಸಿದರೆ ಚೂರು ಹೊತ್ತು ಹಾಕುತ್ತಿದ್ದವರು ಹೆಂಗಸರು. ಆ ಗುಡ್ಡೆಗಳು ಅವರ ತಲೆ ಮೇಲಿಂದ ಇಳಿದ ಕಲ್ಲು. ಬಿಸಿಲು, ಧೂಳು, ಜಜ್ಜಿದ ಬೆರಳು ಎಲ್ಲಾ ಆ ಲೆಕ್ಕದಲ್ಲಿವೆ.

ನಂತರ ಸಿಮೆಂಟ್ ಬಂತು. ಶಹಾಬಾದ್ ಸಿಮೆಂಟ್ ಕಂಪನಿ 1936ರಲ್ಲಿ ಎಸಿಸಿ ಎಂಬ ದೊಡ್ಡ ಸಿಮೆಂಟ್ ಕಂಪನಿಯಲ್ಲಿ ವಿಲೀನವಾದ ಕಂಪನಿಗಳಲ್ಲಿ ಒಂದು. 1968ರಲ್ಲಿ ವಾಡಿಯಲ್ಲೂ ಕಾರ್ಖಾನೆ ಎದ್ದಿತು. ಆಮೇಲೆ ಸೇಡಂ, ಮಳಖೇಡ ಕಡೆಗೂ ಹರಡಿತು. ಸಿಮೆಂಟಿಗೆ ಹಾಸು ಬೇಕಿಲ್ಲ, ಕಲ್ಲಿನೊಳಗಿನ ಸುಣ್ಣ ಸಾಕು. ಸಿಡಿಸಿ, ಪುಡಿ ಮಾಡಿ, ಸುಟ್ಟರೆ ಆಯಿತು. ಸಾವಿರಾರು ಮನೆಗಳಿಗೆ ಇದರಿಂದ ಅನ್ನ ಸಿಕ್ಕಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಇತ್ತ ಟೈಲ್ಸ್ ಬಂದ ಮೇಲೆ ಫರ್ಸಿ ಕೇಳುವವರು ಕಡಿಮೆಯಾದರು. ಸಣ್ಣ ಖಣಿಗಳು ಒಂದೊಂದಾಗಿ ನಿಂತವು.

ಹೀಗೆ ನಿಂತ ಖಣಿಗೆ ಕಾನೂನಿನಲ್ಲಿ ಸರಿಯಾದ ಜಾಗವೇ ಇಲ್ಲ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ 100 ವರ್ಷ ದಾಟಿದ ಕಟ್ಟಡ, ಗುಹೆ, ಶಾಸನ, ಶಿಲ್ಪಗಳ ಮಾತಾಡುತ್ತದೆ. ಫರ್ಸಿ ಖಣಿಯನ್ನು ಆ ಕಣ್ಣಿನಿಂದ ನೋಡಿದವರು ಕಡಿಮೆ. ಭೂವೈಜ್ಞಾನಿಕ ಸರ್ವೇಕ್ಷಣೆ ಗುರುತಿಸಿದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಕರ್ನಾಟಕದ್ದು 4 ಇವೆ: ಲಾಲ್‌ಬಾಗಿನ ಬಂಡೆ, ಮಲ್ಪೆ ಬಳಿಯ ಸೇಂಟ್ ಮೇರೀಸ್ ದ್ವೀಪ, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ಲಾವಾ ಶಿಲೆ, ಕೋಲಾರದ ಚಿನ್ನದ ಗಣಿ ಪ್ರದೇಶದ ಶಿಲೆಗಳು. ನಮ್ಮ ಭಾಗದ್ದು ಒಂದೂ ಇಲ್ಲ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಭೂಪರಂಪರೆ ತಾಣಗಳ ರಕ್ಷಣೆಗೆ ಕರಡು ಮಸೂದೆ ಹೊರಡಿಸಿತು. ರಾಜಸ್ಥಾನದ ಮಕ್ರಾನಾ ಅಮೃತಶಿಲೆಗೆ 2019ರಲ್ಲಿ ಜಾಗತಿಕ ಪರಂಪರೆ ಶಿಲೆ ಎಂಬ ಮನ್ನಣೆ ಸಿಕ್ಕಿತು. ತಾಜ್‌ಮಹಲಿನ ಕಲ್ಲು ಅದು, ಸಿಗಲೇಬೇಕು. ಬಡವರ ಮನೆ ಅಂಗಳದಿಂದ ಹಿಡಿದು ಸ್ತೂಪದವರೆಗೆ ಬಳಕೆಯಾದ ಕಲ್ಲಿಗೂ ಅಷ್ಟೇ ಹಕ್ಕಿದೆ.

ಎಲ್ಲಾ ಖಣಿ ಉಳಿಸಿ ಎಂದು ನಾನು ಹೇಳುತ್ತಿಲ್ಲ. ನೀರು ತುಂಬಿದ ತಗ್ಗು ಅಪಾಯ. ಈಜಲು ಇಳಿದ ಹುಡುಗರು ಮುಳುಗಿದರೆ ಯಾವ ಪರಂಪರೆಯ ಮಾತೂ ಆ ತಾಯಿಯ ಮುಂದೆ ನಿಲ್ಲುವುದಿಲ್ಲ. ಊರ ಹತ್ತಿರದವಕ್ಕೆ ಬೇಲಿ ಹಾಕಲೇಬೇಕು, ಕೆಲವನ್ನು ಮುಚ್ಚಲೇಬೇಕು. ಹೊಲಕ್ಕೆ ನೀರು ಕೊಡುವಂಥವು ರೈತರಿಗೆ ಸಿಗಲಿ. ಒಂದೋ ಎರಡೋ ಖಣಿ ಉಳಿಯಲಿ. ಕೈಯಿಂದ ಕಲ್ಲು ಎಬ್ಬಿಸಿದ ಗುರುತು ಇರುವಂಥದ್ದು, ಪಕ್ಕದ ಗುಡ್ಡೆ ಸಮೇತ ಇರುವಂಥದ್ದು.

ಯಾವುದನ್ನು ಉಳಿಸಬೇಕು ಎಂದು ಹೇಳಲು ಮೊದಲು ಒಂದು ಪಟ್ಟಿ ಬೇಕು. ಗುತ್ತಿಗೆಯ ಕಡತಗಳು ಗಣಿ ಇಲಾಖೆಯಲ್ಲಿರುತ್ತವೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಓದುವ ಹುಡುಗರಿದ್ದಾರೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣಕ್ಕೆ ಇದು ಸಣ್ಣ ಕೆಲಸ. ಹಾರೆ ಹಿಡಿದು ಹಾಸು ಎಬ್ಬಿಸಿದವರಿಗೆ ವಯಸ್ಸಾಗಿದೆ. ಅವರನ್ನು ಜೊತೆಗೆ ಕರೆದುಕೊಂಡು, ದಿನಗೂಲಿ ಕೊಟ್ಟು, ಖಣಿ ಖಣಿ ಸುತ್ತಿಸಿ, ಅವರ ಮಾತು ರೆಕಾರ್ಡ್ ಮಾಡಬೇಕು. ಮಳೆ ಬಿದ್ದರೆ ಗೋಡೆಯ ಕೆಳಗಿನ ಪದರಗಳು ನೀರಿನಡಿ ಹೋಗುತ್ತವೆ. ಹಾಗಾಗಿ ಈ ಕೆಲಸ ಶುರುವಾಗಬೇಕಾದದ್ದು ಬೇಸಿಗೆಯಲ್ಲಿ, ಮಾರ್ಚ್ ತಿಂಗಳಲ್ಲೇ.