ಹೊಸ ಬ್ಯಾಟರಿ ಹಾಕಿದರೂ ಸೆಲ್ಫ್ ತಿರುಗುತ್ತಿಲ್ಲ, ಆಲ್ಟರ್ನೇಟರ್ ಬದಲಿಸಬೇಕೆ?

ಪ್ರಶ್ನೆ: ನಮ್ಮ ಟ್ರ್ಯಾಕ್ಟರ್‌ಗೆ ಹೊಸ ಬ್ಯಾಟರಿ ಹಾಕಿಸಿದ್ದೇವೆ. ಆದರೂ ಎರಡು ದಿನ ಕೆಲಸ ಮಾಡಿದ ಮೇಲೆ ಸೆಲ್ಫ್ ತಿರುಗುವುದಿಲ್ಲ, ತಳ್ಳಿ ಸ್ಟಾರ್ಟ್ ಮಾಡಬೇಕಾಗುತ್ತದೆ. ಆಲ್ಟರ್ನೇಟರ್ ಹೋಗಿದೆ, ಹೊಸದನ್ನೇ ಹಾಕಿ ಎನ್ನುತ್ತಾರೆ. ನಿಜವೇ?

ಉತ್ತರ: ಇರಬಹುದು. ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ತುಂಬುವುದೇ ಆಲ್ಟರ್ನೇಟರ್. ಆದರೆ ಹಣ ಕೊಡುವ ಮುನ್ನ ಚಾರ್ಜ್ ಆಗುತ್ತಿದೆಯೇ ಎಂದು ಅಳೆದು ನೋಡಿ. ಎಂಜಿನ್ ನಿಂತಿರುವಾಗ ಪೂರ್ತಿ ಚಾರ್ಜ್ ಆದ ಬ್ಯಾಟರಿಯ ಟರ್ಮಿನಲ್‌ಗಳಿಗೆ ಮಲ್ಟಿಮೀಟರ್ ಹಿಡಿದರೆ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಚಾಲೂ ಮಾಡಿ ಸ್ವಲ್ಪ ರೇಸ್ ಕೊಟ್ಟಾಗ ಅದು 13.8ರಿಂದ 14.4ರ ನಡುವೆ ಏರಬೇಕು. ಏರದಿದ್ದರೆ ಚಾರ್ಜ್ ಆಗುತ್ತಿಲ್ಲವೆಂದು ಅರ್ಥ. 15 ದಾಟಿದರೆ ವೋಲ್ಟೇಜನ್ನು ಮಿತಿಯಲ್ಲಿಡುವ ರೆಗ್ಯುಲೇಟರ್ ಕೆಟ್ಟಿದ್ದು, ಅದು ಹೊಸ ಬ್ಯಾಟರಿಯನ್ನೂ ಹಾಳುಮಾಡುತ್ತದೆ.

ಚಾರ್ಜ್ ಆಗದಿದ್ದರೂ ದೋಷ ಹೊರಗಡೆಯೇ ಇರಬಹುದು. ಫ್ಯಾನ್ ಬೆಲ್ಟ್ ಸಡಿಲವಾಗಿ ಜಾರುತ್ತಿರಬಹುದು, ದಪ್ಪ ವೈರಿನ ತುದಿ ಕಿಲುಬು ಹಿಡಿದಿರಬಹುದು. ಅನೇಕರು ಗಮನಿಸದ ಇನ್ನೊಂದು ಸಂಗತಿಯಿದೆ: ಹಲವು ಟ್ರ್ಯಾಕ್ಟರ್‌ಗಳಲ್ಲಿ ಮೀಟರ್ ಬೋರ್ಡಿನ ಚಾರ್ಜಿಂಗ್ ದೀಪದ ಮೂಲಕವೇ ಆಲ್ಟರ್ನೇಟರ್‌ಗೆ ಆರಂಭದ ಕರೆಂಟ್ ಹೋಗುವುದರಿಂದ, ಆ ಸಣ್ಣ ಬಲ್ಬ್ ಸುಟ್ಟರೂ ಚಾರ್ಜಿಂಗ್ ನಿಲ್ಲಬಹುದು. ಕೀ ತಿರುಗಿಸಿದಾಗ ದೀಪ ಹತ್ತಿ, ಎಂಜಿನ್ ಚಾಲೂ ಆದ ಮೇಲೆ ಆರಬೇಕು.

ಇವೆಲ್ಲ ಸರಿಯಿದ್ದರೆ ಆಲ್ಟರ್ನೇಟರ್ ಬಿಚ್ಚಿಸಿ. ತುಂಗಭದ್ರಾ ಕಾಲುವೆಯ ಗದ್ದೆಗಳಲ್ಲಿ ಕೇಜ್ ವೀಲ್ (ಪಂಜರದಂಥ ಕಬ್ಬಿಣದ ಚಕ್ರ) ಹಾಕಿ ಕೆಸರು ಮಾಡುವ ಟ್ರ್ಯಾಕ್ಟರ್‌ಗಳಲ್ಲಿ ಮಣ್ಣುನೀರು ಒಳಹೊಕ್ಕು ಕಾರ್ಬನ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಸಣ್ಣ ತುಂಡುಗಳು) ಮತ್ತು ಬೇರಿಂಗ್ ಬೇಗ ಸವೆಯುತ್ತವೆ. ಕಾರ್ಬನ್ ಮಾತ್ರ ಸವೆದಿದ್ದರೆ ಅದನ್ನಷ್ಟೇ ಬದಲಿಸಿದರೆ ಸಾಕು; ಕಾರ್ಬನ್ ಉಜ್ಜುವ ಸ್ಲಿಪ್ ರಿಂಗ್ ಎಂಬ ಬಳೆಯ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ಬಿದ್ದು, ಬೇರಿಂಗ್ ಕೂಡ ಗರಗರ ಎನ್ನುತ್ತಿದ್ದರೆ ಅಥವಾ ಒಳಗಿನ ಸುರುಳಿ ಸುಟ್ಟು ಕಪ್ಪಾಗಿದ್ದರೆ ರಿಪೇರಿಗೆ ಹಣ ಸುರಿಯುವುದಕ್ಕಿಂತ ಹೊಸದು ಹಾಕಿಸುವುದೇ ಲೇಸೆಂಬುದು ನನ್ನ ಅಭಿಪ್ರಾಯ. ಎಂಜಿನ್ ರಾತ್ರಿಯಿಡೀ ನಿಂತಿದ್ದರೂ ಬೆಳಿಗ್ಗೆ ಆಲ್ಟರ್ನೇಟರ್ ಮುಟ್ಟಿದರೆ ಬೆಚ್ಚಗಿದ್ದಲ್ಲಿ, ಕರೆಂಟ್ ಹಿಂದಕ್ಕೆ ಹರಿಯದಂತೆ ತಡೆಯುವ ಡಯೋಡ್ ಸೋರಿ ಬ್ಯಾಟರಿ ಖಾಲಿಯಾಗುತ್ತಿದೆ ಎಂದು ತಿಳಿಯಿರಿ.

ಹೊಸದು ಕೊಳ್ಳುವಾಗ ಹಳೆಯದನ್ನು ಜೊತೆಗೊಯ್ದು ಆಂಪಿಯರ್, ಪುಲ್ಲಿಯ ಅಳತೆ, ಬೋಲ್ಟ್ ಕೂರುವ ಕಿವಿಗಳು, ವೈರ್ ಪಿನ್ನುಗಳು ಎಲ್ಲವನ್ನೂ ಹೋಲಿಸಿ ನೋಡಿ. ಬಿಚ್ಚುವಾಗ ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ತೆಗೆಯಬೇಕು, ಜೋಡಿಸುವಾಗ ಅದನ್ನೇ ಕೊನೆಗೆ ಹಾಕಬೇಕು. ಏಕೆಂದರೆ ಆಲ್ಟರ್ನೇಟರ್‌ನ ದಪ್ಪ ವೈರಿನಲ್ಲಿ ಕೀ ಆಫ್ ಇದ್ದರೂ ಕರೆಂಟ್ ಇರುತ್ತದೆ, ಪಾನಾ ಟ್ರ್ಯಾಕ್ಟರ್‌ನ ಲೋಹದ ಭಾಗಕ್ಕೆ ತಗುಲಿದರೆ ದೊಡ್ಡ ಕಿಡಿ ಹಾರುತ್ತದೆ. ಆಲ್ಟರ್ನೇಟರ್ ಮತ್ತು ಎಂಜಿನ್‌ನ ಪುಲ್ಲಿಗಳು ಒಂದೇ ನೇರಕ್ಕೆ ಕೂರಬೇಕು. ಬೆಲ್ಟಿನ ಬಿಗಿಯನ್ನು ಕೈಪಿಡಿಯಲ್ಲಿ ಹೇಳಿದಷ್ಟೇ ಇಡಿ, ಸಾಮಾನ್ಯವಾಗಿ ಹೆಬ್ಬೆರಳಿನಿಂದ ಒತ್ತಿದಾಗ 10ರಿಂದ 15 ಮಿಲಿಮೀಟರ್ ಬಗ್ಗುತ್ತದೆ. ಅತಿ ಬಿಗಿಯಾದರೆ ಹೊಸ ಬೇರಿಂಗ್ ಹಾಳಾಗುತ್ತದೆ. ವಾಟರ್ ಪಂಪ್ ಕೂಡ ಅದೇ ಬೆಲ್ಟಿನಲ್ಲಿದ್ದರೆ, ಸಡಿಲವಾದಾಗ ಎಂಜಿನ್ ಬಿಸಿಯೇರುತ್ತದೆ.

ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರ್ ಕಿತ್ತು ಆಲ್ಟರ್ನೇಟರ್ ಪರೀಕ್ಷಿಸುವವರಿದ್ದಾರೆ. ದಯವಿಟ್ಟು ಅದಕ್ಕೆ ಅವಕಾಶ ಕೊಡಬೇಡಿ, ವೋಲ್ಟೇಜ್ ಒಮ್ಮೆಲೇ ಏರಿ ಡಯೋಡ್‌ಗಳು ಸುಡಬಹುದು. ಹಳೆಯ ಡೀಸೆಲ್ ಎಂಜಿನ್ ಒಮ್ಮೆ ಚಾಲೂ ಆದರೆ ಚಾರ್ಜ್ ಇಲ್ಲದೆಯೂ ಓಡುತ್ತದೆಂದು ಹಾಗೆಯೇ ಬಿಡುವ ರೂಢಿಯೂ ಇದೆ. 50 ಎಚ್‌ಪಿ ಮೀರಿದ ಟ್ರ್ಯಾಕ್ಟರ್‌ಗಳಿಗೆ 2023ರ ಜನವರಿಯಿಂದ ಟ್ರೆಮ್ 4 ಎಂಬ ಹೊಗೆ ಮಾಲಿನ್ಯ ನಿಯಮ ಅನ್ವಯವಾದ ಮೇಲೆ ಬಂದ ಸಿಆರ್‌ಡಿಐ (ಕಾಮನ್ ರೈಲ್) ಎಂಜಿನ್‌ಗಳಲ್ಲಿ ಇದು ನಡೆಯದು. ಅಲ್ಲಿ ಡೀಸೆಲ್ ಚಿಮ್ಮಿಸುವುದನ್ನು ವಿದ್ಯುತ್ತೇ ನಿಯಂತ್ರಿಸುವುದರಿಂದ ವೋಲ್ಟೇಜ್ ಕುಸಿದರೆ ಎಂಜಿನ್ನೇ ನಿಲ್ಲಬಹುದು.

ಜೋಡಿಸಿದ ಮೇಲೆ ಹೆಡ್‌ಲೈಟ್ ಹಾಕಿ ಮತ್ತೊಮ್ಮೆ ವೋಲ್ಟೇಜ್ ಅಳೆಯಿರಿ. ಬೆಲ್ಟನ್ನೂ ಹೊಸದಾಗಿ ಹಾಕಿದ್ದರೆ ಕೆಲವು ಗಂಟೆ ಕೆಲಸ ಮಾಡಿದ ನಂತರ ಅದರ ಬಿಗಿ ಮತ್ತೆ ನೋಡಿ.